ಮೂವತ್ತು ಪುಸ್ತಕಗಳ ಪೆಟ್ಟಿಗೆ

ಲಂಡನ್
ಮಾರ್ಚ್ ೩, ೧೮೯೮

ಪ್ರೀತಿಯ ಅಪ್ಪನಿಗೆ,

ಈ ಕಾಗದವನ್ನು ತಂಗಿ ಥರ್ಜಾ ಮನೆಯಲ್ಲಿಲ್ಲದಾಗ ಓದಿ. ಓದಿ ಒಲೆಗೆ ಹಾಕಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡಿ.

ನನ್ನಿಂದ ಒಂದು ತಪ್ಪಾಗಿದೆ. ಅದನ್ನು ಹೇಳುವ ಮೊದಲು ನಮ್ಮ ಸಮಾಜವಾದಿ ಸಂಘದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಕ್ರಿಸ್‌ಮಸ್ಸಿಗೆ ಬಂದಾಗ ಹೇಳಲು ಹೊರಟೆ. ನೀವು "ಬಡವರ ವಿಚಾರ ದೇವರು ನೋಡ್ಕೋತಾನೆ, ನಿಮ್ಮ ಸಮಾಜವಾದಿಗಳಿಗೆ ಆ ತೊಂದರೆ ಬೇಡ" ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಈಗ ಸ್ವಲ್ಪ ತಾಳ್ಮೆಯಿಂದ ಕೇಳಿ. ಇಲ್ಲಿ ಕಿರುಹೊತ್ತಿಗೆ ಬರೆಯುವ ಮೊದಲು ಸಂಗತಿಗಳನ್ನೆಲ್ಲ ಚೀಟಿಗಳಲ್ಲಿ ಬರೆದಿಡುತ್ತೇವೆ. ಒಂದು ಚೀಟಿಗೆ ಒಂದೇ ಸಂಗತಿ. ಚೀಟಿಯ ತಲೆಯಲ್ಲಿ ಹೇಳಿದವರ ಹೆಸರು, ಊರು, ತಾರೀಖು ಇರಲೇಬೇಕು. ಹೆಸರಿಲ್ಲದ ಸಂಗತಿ ಬರೀ ಹರಟೆ ಎನ್ನುತ್ತಾರೆ ನಮ್ಮ ಮೇಲಿನವರಾದ ಮಿಸ್ ಟ್ರೆಡ್‌ಗೋಲ್ಡ್. ಮೂರು ಜನ ಬೇರೆ ಬೇರೆಯಾಗಿ ಅದನ್ನೇ ಹೇಳಿದರೆ ಮಾತ್ರ ಅಚ್ಚಿಗೆ ಹೋಗುತ್ತದೆ. ಅಚ್ಚಿನಲ್ಲಿ ಹೇಳಿದವರ ಹೆಸರು ಬರುವುದಿಲ್ಲ. ಅಲ್ಲಿಯತನಕ ಚೀಟಿಗಳು ಬೀಗ ಹಾಕಿದ ಕಪಾಟಿನಲ್ಲಿ ಇರುತ್ತವೆ.

ಕ್ರಿಸ್‌ಮಸ್ಸಿನ ಮರುದಿನ ಥರ್ಜಾ ನನಗೆ ಕಾರ್ಖಾನೆಯ ಒಂದು ವಿಷಯ ಹೇಳಿದಳು. ಅವಳನ್ನು ಒಪ್ಪಿಸಿ ಬರೆದುಕೊಂಡೆ. ಚೀಟಿಯ ತಲೆಯಲ್ಲಿ ಥರ್ಜಾ ಬ್ಲೋರ್, ಲಾಂಗ್ಟನ್, ಹ್ಯಾಡರ್ಲಿಯವರ ಕುಂಬಾರಿಕೆ ಕಾರ್ಖಾನೆ, ಮೆರುಗಿನ ಮನೆ ಎಂದು ನನ್ನದೇ ದುಂಡು ಅಕ್ಷರದಲ್ಲಿದೆ. ಇವತ್ತು ಕಪಾಟು ತೆಗೆದು ನೋಡಿದರೆ ಆ ಚೀಟಿ ಇಲ್ಲ. ಎಲ್ಲ ಕಡೆ ಹುಡುಕಿದ ಮೇಲೆ ನೆನಪಾಯಿತು. ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ಸಮಾಜವಾದದ ವಿಚಾರ ಬೆಳೆದು ಬಂದ ಚರಿತ್ರೆಯ ಪುಸ್ತಕಗಳನ್ನು ಓದುತ್ತಿದ್ದೆ. ಅವುಗಳಲ್ಲೊಂದರ ಒಳಗೆ ಆ ಚೀಟಿಯನ್ನು ಇಟ್ಟಿದ್ದೆ.

ಆ ಪುಸ್ತಕ ಈಗ ಇಲ್ಲಿಲ್ಲ. ನಮ್ಮ ಸಂಘ ಊರೂರಿನ ಓದುಗರ ಕೂಟಗಳಿಗೆ ಮೂವತ್ತು ಪುಸ್ತಕಗಳ ಮರದ ಪೆಟ್ಟಿಗೆಯನ್ನು ಮೂರು ತಿಂಗಳಿಗೆಂದು ಕಳಿಸುತ್ತದೆ. ಕಳೆದ ತಿಂಗಳು ಹದಿನಾಲ್ಕನೆಯ ತಾರೀಖು ಲಾಂಗ್ಟನ್ನಿಗೆ ಹೋದ ಪೆಟ್ಟಿಗೆಯನ್ನು ತುಂಬಿದವಳು ನಾನೇ. ಲಾಂಗ್ಟನ್ ಕೂಟದ ಕಾರ್ಯದರ್ಶಿ ಯಾರು ಗೊತ್ತೇ? ನಿಮ್ಮ ಯಜಮಾನರ ಕಿರಿಯ ಮಗ, ಎವರಾರ್ಡ್ ಹ್ಯಾಡರ್ಲಿ. ಪೆಟ್ಟಿಗೆ ಇರುವುದು ಅವರ ಕೋಣೆಯಲ್ಲಿ.

ಅಪ್ಪಾ, ಆ ಚೀಟಿ ಅವರ ಕೈಗೆ ಸಿಕ್ಕರೆ ಥರ್ಜಾಳ ಕೆಲಸ ಹೋಗುತ್ತದೆ. ಮನೆ ಯಜಮಾನರದ್ದು, ಅದೂ ಹೋಗುತ್ತದೆ. ಮೂವತ್ತೊಂದು ವರ್ಷದ ನಿಮ್ಮ ಪಾತ್ರೆ ಸುಡುವ ಆವಿಗೆಯ ಕೆಲಸವೂ ಉಳಿಯುವುದಿಲ್ಲ. ಪೆಟ್ಟಿಗೆಯನ್ನು ವಾಪಸು ಕೇಳೋಣವೆಂದರೆ ಯಾಕೆಂದು ಅನುಮಾನ ಬಂದು ಅವರೇ ತೆಗೆದು ನೋಡಿಯಾರು. ಇಲ್ಲಿ ಯಾರಿಗೂ ಹೇಳುವಂತಿಲ್ಲ. ಚೀಟಿ ಹೊರಗೆ ಹೋಯಿತೆಂದರೆ ನನ್ನನ್ನು ಆ ದಿನವೇ ಕಳಿಸಿಬಿಡುತ್ತಾರೆ. ನೀವು ಆ ಕೂಟ ಸೇರಬೇಕು. ಬೇರೆ ದಾರಿ ಕಾಣದು. ಚರಿತ್ರೆಯ ಪುಸ್ತಕಗಳು ಐದು, ಎಲ್ಲಕ್ಕೂ ಕಂದು ಹೊದಿಕೆ. ಯಾವುದರಲ್ಲಿ ಇಟ್ಟೆನೋ ನೆನಪಿಲ್ಲ.

ನಿಮ್ಮ ಮಗಳು
ಸೆಲೀನಾ


ಲಾಂಗ್ಟನ್
ಮಾರ್ಚ್ ೯

ಸೆಲೀನಾ,

ನಿನ್ನ ಕಾಗದವನ್ನು ಒಲೆಗೆ ಹಾಕಿಲ್ಲ. ಮೂವತ್ತೊಂದು ವರ್ಷದಿಂದ ಆವಿಗೆಗೆ ಬೆಂಕಿ ಹಾಕುತ್ತಿರುವವನು ನಾನು. ಏನನ್ನು ಸುಡಬೇಕು, ಏನನ್ನು ಸುಡಬಾರದು ಎಂದು ಲಂಡನ್ನಿನಿಂದ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ತಾಯಿಯ ಬೈಬಲ್ಲಿನೊಳಗೆ ಇಟ್ಟಿದ್ದೇನೆ. ಥರ್ಜಾ ಅದನ್ನು ಮುಟ್ಟಿ ಯಾವ ಕಾಲವಾಯಿತೋ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಈ ಮನೆಯಿಂದಲೇ ನಿನ್ನ ತಾಯಿಯನ್ನು ಮಣ್ಣಿಗೆ ಕಳಿಸಿಕೊಟ್ಟೆ, ನಿಮ್ಮಿಬ್ಬರನ್ನು ಸಾಕಿದೆ. ಅಂಗೈ ಅಗಲದ ಒಂದು ಕಾಗದದಿಂದ ಇದೆಲ್ಲ ಹೋಗುವುದೆಂದರೆ ನಂಬಲು ಆಗಲಿಲ್ಲ. ಎರಡನೆಯ ಸಲ ಓದಿದಾಗ ನಂಬಿಕೆಯಾಯಿತು. ಈಗ ಇದು ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಸೋಮವಾರ ಕೆಲಸ ಬಿಟ್ಟ ಮೇಲೆ ಮುಖ ತೊಳೆದು, ಭಾನುವಾರ ಪ್ರಾರ್ಥನೆಗೆಂದು ಚಾಪೆಲ್ಲಿಗೆ ಹಾಕುವ ಕೋಟು ಹಾಕಿಕೊಂಡು ಚಿಕ್ಕ ಯಜಮಾನರ ಕೋಣೆಗೆ ಹೋದೆ. ನಾನು ಅವರ ಬಾಗಿಲಲ್ಲಿ ನಿಂತದ್ದು ನೋಡಿ ಆವಿಗೆ ಕುಸಿದಿದೆ ಅಂದುಕೊಂಡರೋ ಏನೋ.

"ಏನ್ ಬ್ಲೋರ್, ಬೆಂಕಿ ಏನಾದ್ರೂ ಕೆಟ್ಟಿತಾ?"

"ಇಲ್ಲ ಯಜಮಾನ್ರೇ. ನಿಮ್ ಕೂಟಕ್ಕೆ ಸೇರ್ಬೇಕು ಅಂತ ಬಂದೆ."

"ನೀವಾ! ಚಾಪೆಲ್ಲಲ್ಲಿ ಪ್ರಸಂಗ ಮಾಡೋರು. ನಮ್ಮನ್ನ ದೇವರಿಲ್ದೋರು ಅಂತ ಬೈತೀರಿ ಅಂತ ಕೇಳಿದ್ದೆ."

"ಬೈಯೋಕೆ ಮುಂಚೆ ಒಂದ್ಸಲ ಓದಿ ನೋಡೋಣ ಅಂತ."

ಅವರಿಗೆ ಹಿಗ್ಗೋ ಹಿಗ್ಗು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಮ್ಮ ಕೈಯಿಂದಲೇ ಚಹಾ ಹಾಕಿಕೊಟ್ಟರು. ಹ್ಯಾಡರ್ಲಿ ಮನೆತನದವರು ಬ್ಲೋರ್ ಮನೆತನದವರಿಗೆ ಚಹಾ ಹಾಕಿಕೊಟ್ಟದ್ದು ಇದೇ ಮೊದಲು. ಆ ಕಪ್ಪು ನಾನೇ ಸುಟ್ಟದ್ದು. ಹಿಡಿದ ಕೂಡಲೇ ಗೊತ್ತಾಯಿತು.

ಪೆಟ್ಟಿಗೆ ಅವರ ಮೇಜಿನ ಪಕ್ಕದಲ್ಲಿದೆ. ನಾನು ಹತ್ತಿರ ಹೋಗಿ ಎಲ್ಲವನ್ನೂ ಒಂದೊಂದಾಗಿ ಕೊಡವಿ ನೋಡುತ್ತೇನೆ ಅಂದುಕೊಂಡಿದ್ದರೆ ಆ ಆಸೆ ಬಿಡು. ಬೀಗದ ಕೈ ಅವರ ಹತ್ತಿರ. ಒಬ್ಬನಿಗೆ ಒಂದು ಸಲಕ್ಕೆ ಒಂದೇ ಪುಸ್ತಕ, ಹದಿನೈದು ದಿನಕ್ಕೆ. ಓದಿ ಮುಗಿಸಿದವರು ರಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಮತ್ತು ತಾರೀಖು ಹಾಕಬೇಕು. ಕಂದು ಹೊದಿಕೆಯದು ಬೇಕೆಂದೆ. "ಚರಿತ್ರೆಯಿಂದ ಶುರು ಮಾಡ್ತೀರಾ, ಭೇಷ್" ಎಂದು ಬೆನ್ನು ತಟ್ಟಿದರು. ನಾನು ಅವರ ಅಪ್ಪನಿಗಿಂತ ಎರಡು ವರ್ಷ ದೊಡ್ಡವನು.

ಸಿಕ್ಕಿದ ಪುಸ್ತಕ ಭೂಮಿಯ ವಿಚಾರದ್ದು. ಮನೆಗೆ ಬರುವಾಗ ದಾರಿಯಲ್ಲೇ, ಬೆನ್ನು ತಿರುಗಿಸಿ ನಿಂತು, ಕವುಚಿ ಹಿಡಿದು ಅಲ್ಲಾಡಿಸಿದೆ. ಏನೂ ಬೀಳಲಿಲ್ಲ. ನಾಲ್ಕು ಉಳಿದಿವೆ. ಅಲ್ಲಿಯತನಕ ಯಾರೂ ಅದನ್ನು ನೋಡಬಾರದು ಎಂದು ಪ್ರಾರ್ಥಿಸುತ್ತಿದ್ದೇನೆ. ಸಮಾಜವಾದದ ಪುಸ್ತಕವನ್ನು ಯಾರೂ ಓದದಿರಲಿ ಎಂಬ ಪ್ರಾರ್ಥನೆಯನ್ನು ದೇವರು ಖಂಡಿತ ಕೇಳುತ್ತಾನೆ.

ಒಂದು ಮಾತು ಕೇಳುತ್ತೇನೆ. ಥರ್ಜಾ ನಿನಗೆ ಏನು ಹೇಳಿದಳು? ನೀನು "ಒಂದು ವಿಷಯ" ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀಯ.

ನಿನ್ನ ಅಪ್ಪ
ಜೇಬೆಜ್ ಬ್ಲೋರ್


ಲಂಡನ್
ಮಾರ್ಚ್ ೧೧

ಪ್ರೀತಿಯ ಅಪ್ಪನಿಗೆ,

ನೀವು ಕೂಟಕ್ಕೆ ಹೋದಿರಿ ಎಂದು ಓದಿ ಅತ್ತುಬಿಟ್ಟೆ. ಪಕ್ಕದ ಮೇಜಿನವಳು ಏನೆಂದು ಕೇಳಿದಳು, ಹಲ್ಲುನೋವು ಎಂದೆ.

ಥರ್ಜಾ ಹೇಳಿದ್ದು ಮೆರುಗಿನ ಮನೆಯ ಯಾವ ಹೆಂಗಸಾದರೂ ಹೇಳುವಂಥದ್ದೇ. ಸರ್ಕಾರದ ಇನ್ಸ್‌ಪೆಕ್ಟರು ಬರುವ ದಿನ, ಮೆರುಗಿನ ಸೀಸದ ವಿಷ ಏರಿ ಒಸಡಿನಲ್ಲಿ ನೀಲಿ ಗೆರೆ ಬಿದ್ದವರನ್ನು ಪಾತ್ರೆ ಕಟ್ಟುವ ಹುಲ್ಲಿನ ಕೊಟ್ಟಿಗೆಯಲ್ಲಿ ಅಡಗಿಸುತ್ತಾರಂತೆ. ಅಷ್ಟೇ. ನೀವು ಅದನ್ನು ಅವಳ ಹತ್ತಿರ ಕೇಳಬೇಡಿ. ಹೇಳಿದ್ದಕ್ಕೆ ಹೆದರಿಕೊಂಡಿದ್ದಾಳೆ.

ಅವಳು ಸರಿಯಾಗಿ ಊಟ ಮಾಡುತ್ತಾಳೆಯೇ? ತಲೆನೋವು ಏನಾದರೂ ಇದೆ ಎನ್ನುತ್ತಾಳೆಯೇ? ಚಿತ್ರ ಬರೆಯುವವರ ಮನೆಗೆ ಬದಲಿ ಕೇಳಲು ಆಗುವುದಿಲ್ಲವೇ? ಸುಮ್ಮನೆ ಕೇಳಿದೆ. ಅವಳ ಕೈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ.

ತಿಂಗಳ ಕೊನೆಗೆ ಚೀಟಿಗಳನ್ನೆಲ್ಲ ಮಿಸ್ ಟ್ರೆಡ್‌ಗೋಲ್ಡ್ ತಾವೇ ನೋಡುತ್ತಾರಂತೆ. ಅವರು ಬಾಗಿಲು ತೆಗೆದಾಗಲೆಲ್ಲ ನಾನು ಕಪಾಟಿನ ಕಡೆ ನೋಡುತ್ತೇನೆ.

ನಿಮ್ಮ
ಸೆಲೀನಾ


ಲಾಂಗ್ಟನ್
ಮಾರ್ಚ್ ೨೪

ಸೆಲೀನಾ,

ಎರಡನೆಯದರಲ್ಲೂ ಇಲ್ಲ. ಆದರೆ ಅದನ್ನು ಪೂರ್ತಿ ಓದಿದೆ. ನಗಬೇಡ. ಚಿಕ್ಕ ಯಜಮಾನರು ಪುಸ್ತಕ ವಾಪಸು ತೆಗೆದುಕೊಳ್ಳುವಾಗ ಪ್ರಶ್ನೆ ಕೇಳುತ್ತಾರೆ. ಮೊದಲನೆಯದಕ್ಕೆ ನಾನು ಉತ್ತರ ಹೇಳಲಾರದೆ, ಭಾನುವಾರ ಶಾಲೆಯಲ್ಲಿ ಪಾಠ ಒಪ್ಪಿಸಲಾಗದ ಮಗುವಿನ ಹಾಗೆ ಟೋಪಿ ತಿರುವುತ್ತ ನಿಂತಿದ್ದೆ.

ಈ ಎರಡನೆಯದು ನಮ್ಮ ಅಪ್ಪನ ಕಾಲದ ಚಾರ್ಟಿಸ್ಟರದ್ದು. ಓಟಿನ ಹಕ್ಕು ಕೇಳಿ ಅರ್ಜಿ ಬರೆದವರು, ಮೆರವಣಿಗೆ ಹೋದವರು, ಅವರಿಗೆ ವಿಚಾರ ಹೇಳಿಕೊಟ್ಟ ಪಂಡಿತರು, ಎಲ್ಲರೂ ಇದ್ದಾರೆ. ಪಂಡಿತರ ಹೆಸರು, ಅವರ ತಂದೆಯ ಹೆಸರು, ಅವರಿಗೆ ಯಾವ ಕಾಯಿಲೆ ಇತ್ತು ಎಂಬುದೂ ಇದೆ. ಸಾವಿರದ ಎಂಟುನೂರ ನಲವತ್ತೆರಡರಲ್ಲಿ ನಮ್ಮೂರಿನಲ್ಲಿ ಗಲಭೆಯಾಗಿದ್ದಕ್ಕೆ ಒಂದೇ ಸಾಲು. "ಕುಂಬಾರರ ಊರುಗಳಿಂದ ಕೆಲವರನ್ನು ಗಡೀಪಾರು ಮಾಡಲಾಯಿತು." ಆ ಕೆಲವರಲ್ಲಿ ನನ್ನ ದೊಡ್ಡಪ್ಪ ಈಫ್ರಾಯಿಮ್ ಒಬ್ಬ. ನನ್ನ ಅಜ್ಜಿ ಸಾಯುವತನಕ ಅವನ ತಟ್ಟೆಯನ್ನು ಬೇರೆಯವರಿಗೆ ಹಾಕಲಿಲ್ಲ. ನಿಮ್ಮ ಮಿಸ್ ಟ್ರೆಡ್‌ಗೋಲ್ಡ್ ಹೇಳುವುದು ನಿಜ, ಹೆಸರಿಲ್ಲದ ಸಂಗತಿ ಹರಟೆಯ ಹಾಗೇ ಕೇಳುತ್ತದೆ. ಅವರ ಮಾತು ಒಪ್ಪಿದ್ದು ಇದೊಂದೇ. ಹೆಚ್ಚು ಹಿಗ್ಗಬೇಡ.

ಮೊನ್ನೆ ಕೂಟದಲ್ಲಿ ಚಿಕ್ಕ ಯಜಮಾನರು ಮುಂದೆ ಬರುವ ಸಮಾಜ ಹೇಗಿರುತ್ತದೆ ಎಂದು ಓದಿದರು. ಎಲ್ಲರೂ ನಾಲ್ಕು ಗಂಟೆ ಕೆಲಸ ಮಾಡುತ್ತಾರಂತೆ, ಉಳಿದ ಹೊತ್ತು ಹಾಡು, ತೋಟ. "ಆವಿಗೆ ಬೆಂಕಿ ಮೂರು ದಿನ ಆರೋ ಹಾಗಿಲ್ಲ, ಅದರ ಹತ್ರ ಯಾರು ಕೂತ್ಕೋತಾರೆ ಯಜಮಾನ್ರೇ?" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಒಳ್ಳೆಯ ಹುಡುಗನೇ. ಅದೇ ನನಗೆ ಹೆಚ್ಚು ಹೆದರಿಕೆ. ಕೆಟ್ಟವನ ಎದುರು ಹೇಗೆ ನಿಲ್ಲಬೇಕೆಂದು ಗೊತ್ತು.

ಬುಧವಾರ ಮೇಲ್ವಿಚಾರಕಿ ಥರ್ಜಾಳನ್ನು ಆಫೀಸಿಗೆ ಕರೆಸಿದಳು ಎಂದು ಆವಿಗೆಯ ಹತ್ತಿರ ಯಾರೋ ಹೇಳಿದರು. ನನ್ನ ಕೈಯಲ್ಲಿದ್ದ ಸಲಿಕೆ ಹಾಗೇ ನಿಂತಿತು. ಮುಗಿಯಿತು, ಚೀಟಿ ಸಿಕ್ಕಿತು ಅಂದುಕೊಂಡೆ. ಸಂಜೆ ಅವಳು ಬಂದಾಗ ಮುಖ ನೋಡಲೂ ಧೈರ್ಯ ಬರಲಿಲ್ಲ. ಕೇಳಿದರೆ, ತಟ್ಟೆಗಳ ಹಲಗೆಯನ್ನು ಕಂಬಕ್ಕೆ ಬಡಿದು ಒಂದು ಡಜನ್ ಒಡೆದಳಂತೆ. ಅದಕ್ಕೆ ಬೈಗುಳ. ಎಷ್ಟು ಸಮಾಧಾನವಾಯಿತೆಂದರೆ ನಗು ಬಂತು. "ಕಂಬ ಅಲ್ಲೇ ಇಪ್ಪತ್ತು ವರ್ಷದಿಂದ ನಿಂತಿದೆಯಲ್ಲೇ, ಕಣ್ಣು ಎಲ್ಲಿಟ್ಟಿದ್ದೆ?" ಎಂದೆ. ಅವಳೂ ನಕ್ಕಳು. ಮನೆಯಲ್ಲೂ ಈಗ ಹಾಗೇ, ಎಡಗಡೆಯ ಬಾಗಿಲಿಗೆ ಭುಜ ತಾಗಿಸುತ್ತಾಳೆ, ಚಹಾದ ಕಪ್ಪನ್ನು ಮೇಜಿನ ಅಂಚಿನಾಚೆ ಇಡುತ್ತಾಳೆ. ಯಾರನ್ನೋ ಪ್ರೀತಿಸುತ್ತಿದ್ದಾಳೆ ಎಂದು ನನ್ನ ಅನುಮಾನ.

ನಿನ್ನ ಅಪ್ಪ
ಜೇಬೆಜ್ ಬ್ಲೋರ್


ಲಂಡನ್
ಮಾರ್ಚ್ ೨೫

ಅಪ್ಪಾ,

ಅವಳನ್ನು ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಾರ್ಖಾನೆಯ ಡಾಕ್ಟರು ಬೇಡ, ಸ್ಟೋಕ್ ಆಸ್ಪತ್ರೆಗೆ ಹೋಗಿ. ಯಾಕೆಂದು ನನ್ನನ್ನು ಕೇಳಬೇಡಿ. ಮಾತು ಕೊಟ್ಟಿದ್ದೇನೆ. ಅವಳೇ ಹೇಳಬೇಕು.

ಸೆಲೀನಾ


ಲಾಂಗ್ಟನ್
ಏಪ್ರಿಲ್ ೯, ಈಸ್ಟರಿನ ಹಿಂದಿನ ದಿನ

ಸೆಲೀನಾ,

ನಿನ್ನ ಕಾಗದ ಬಂದ ದಿನ ಅವಳನ್ನು ಕೇಳಿದೆ. "ಅಕ್ಕಂಗೆ ಲಂಡನ್ನಲ್ಲಿ ಕೂತು ಎಲ್ಲರ ಕಾಯಿಲೆ ಕಾಣ್ಸುತ್ತೆ, ನಂಗೇನೂ ಆಗಿಲ್ಲ, ಒಂದು ದಿನ ರಜ ಹಾಕಿದ್ರೆ ಕೆಲಸ ಇರಲ್ಲ" ಎಂದಳು. ನಾನು ನಂಬಿದೆ. ನಂಬಲು ಇಷ್ಟವಿತ್ತು, ಅದಕ್ಕೇ ನಂಬಿದೆ.

ನಿನ್ನೆ ಗುಡ್ ಫ್ರೈಡೇ, ಕೆಲಸವಿರಲಿಲ್ಲ. ಗುರುವಾರ ತಂದ ಮೂರನೆಯ ಪುಸ್ತಕ ಓದುತ್ತ ಕೂತಿದ್ದೆ. ಸ್ಕಾಟ್ಲೆಂಡಿನಲ್ಲಿ ಗಿರಣಿಯ ಯಜಮಾನನೊಬ್ಬ ಕೂಲಿಯವರ ಮಕ್ಕಳಿಗೆ ಶಾಲೆ ತೆರೆದು, ಮನುಷ್ಯನ ಗುಣವನ್ನು ಅವನ ಸುತ್ತಲಿನ ಬದುಕೇ ಮಾಡುತ್ತದೆ ಎಂದು ಸಾರಿ, ಒಂದು ಹೊಸ ಊರನ್ನೇ ಕಟ್ಟಲು ಹೊರಟನಲ್ಲ, ಅವನ ಪುಸ್ತಕ. ತಂದ ದಿನ ಕೊಡವಿದಾಗ ಏನೂ ಬಿದ್ದಿರಲಿಲ್ಲ. ಆದ್ದರಿಂದ ನಿರಾಳವಾಗಿ ಓದುತ್ತಿದ್ದೆ. ಇನ್ನೂರ ಹನ್ನೆರಡನೆಯ ಪುಟಕ್ಕೆ ಬಂದಾಗ ಚೀಟಿ ಸಿಕ್ಕಿತು. ಪುಟಗಳ ಹೊಲಿಗೆಯ ಒಳಕ್ಕೆ ಚೆನ್ನಾಗಿ ಒತ್ತಿ ಕೂತಿತ್ತು.

ಮೊದಲು ಮಂಡಿಯೂರಿ ದೇವರಿಗೆ ಕೃತಜ್ಞತೆ ಹೇಳಿದೆ. ಆಮೇಲೆ ಚೀಟಿ ಓದಿದೆ. ಆ ಕ್ರಮವನ್ನು ನಾನು ಎಂದೂ ಮರೆಯಲಾರೆ.

ನೀನು ನನಗೆ ಅರ್ಧ ಹೇಳಿದ್ದೆ. ಚೀಟಿಯಲ್ಲಿ ಪೂರ್ತಿ ಇದೆ. "ಡಿಸೆಂಬರ್ ೯ರಂದು ಮೆರುಗಿನ ತೊಟ್ಟಿಯ ಬಳಿ ಬಿದ್ದೆ. ಕೈಕಾಲು ಸೆಳೆದುಕೊಂಡವು ಎಂದು ಬೇರೆಯವರು ಹೇಳಿದರು, ನನಗೆ ಗೊತ್ತಿಲ್ಲ. ಅಂದು ಇನ್ಸ್‌ಪೆಕ್ಟರು ಬರುವವರಿದ್ದರು. ನನ್ನನ್ನು ಹುಲ್ಲಿನ ಕೊಟ್ಟಿಗೆಗೆ ಹೊತ್ತೊಯ್ದು ಮಲಗಿಸಿ, ಬಾಯಿಗೆ ಬಟ್ಟೆ ಇಟ್ಟರು. ಅಂದಿನಿಂದ ಎಡಗಣ್ಣು ಮಂಜಾಗಿದೆ. ಅಪ್ಪನಿಗೆ ಹೇಳಿಲ್ಲ."

ಅವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನಾನು ಸದ್ದು ಮಾಡದೆ ಹೋಗಿ ಅವಳ ಎಡಕ್ಕೆ ನಿಂತೆ. ಅವಳು ಹಾಡು ಗುನುಗುತ್ತಲೇ ಇದ್ದಳು. ನಾನು ಕೈ ಎತ್ತಿದೆ, ಬೀಸಿದೆ. ಅವಳಿಗೆ ತಿಳಿಯಲಿಲ್ಲ. ನನ್ನ ಮಗಳು ನನ್ನ ಕೈಯಳತೆಯಲ್ಲಿ ನಿಂತಿದ್ದಾಳೆ, ನಾನು ಇಲ್ಲಿರುವುದು ಅವಳಿಗೆ ಕಾಣುತ್ತಿಲ್ಲ. ಇಷ್ಟು ದಿನ ಮನೆ ಹೋದೀತು, ಕೆಲಸ ಹೋದೀತು ಎಂದು ಹೆದರಿದ್ದೆನಲ್ಲ, ಅದು ಹೆದರಿಕೆಯೇ ಅಲ್ಲ ಸೆಲೀನಾ.

ಇನ್ನೊಂದು ಸಂಗತಿ. ರಟ್ಟಿನ ಒಳಗೆ ಒಂದೇ ಸಹಿ ಇದೆ. ಎ. ಹ್ಯಾ., ಫೆಬ್ರವರಿ ೨೬. ನೀನು ನನಗೆ ಮೊದಲ ಕಾಗದ ಬರೆಯುವುದಕ್ಕೆ ಐದು ದಿನ ಮೊದಲೇ ಅವರು ಅದನ್ನು ಓದಿ ಮುಗಿಸಿದ್ದಾರೆ.

ನೀನು ಚೀಟಿಯನ್ನು ಯಾವ ಪುಟದಲ್ಲಿ ಇಟ್ಟಿದ್ದೆ? ನೆನಪು ಮಾಡಿಕೊಂಡು ಬರೆ.

ಜೇಬೆಜ್ ಬ್ಲೋರ್


ಲಂಡನ್
ಏಪ್ರಿಲ್ ೧೨

ಅಪ್ಪಾ,

ನಲವತ್ತನೆಯ ಪುಟದ ಆಸುಪಾಸು. ಮಕ್ಕಳ ಶಾಲೆಯ ಅಧ್ಯಾಯ. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದೆ. ಮತ್ತೆ ಆ ಪುಸ್ತಕ ತೆರೆಯಲಿಲ್ಲ. ಇನ್ನೂರ ಹನ್ನೆರಡಕ್ಕೆ ಅದು ತಾನಾಗಿ ನಡೆದು ಹೋಗಿರಲಾರದು.

ಹಾಗಾದರೆ ಅವರು ಓದಿದ್ದಾರೆ. ಆರು ವಾರದಿಂದ ಅವರಿಗೆ ಎಲ್ಲ ಗೊತ್ತು. ಗೊತ್ತಿದ್ದೂ ನಿಮಗೆ ಚಹಾ ಕೊಟ್ಟು, ಪುಸ್ತಕ ಕೊಟ್ಟು, ಪ್ರಶ್ನೆ ಕೇಳುತ್ತಿದ್ದಾರೆ. ಯಾತಕ್ಕೆ ಕಾಯುತ್ತಿದ್ದಾರೆ? ಚೀಟಿಯನ್ನು ಸುಟ್ಟುಬಿಡಿ. ಈ ಸಲ ನಿಜವಾಗಿಯೂ ಸುಡಿ. ಕೇಳಿದರೆ ಅಂಥದ್ದೊಂದು ಇರಲೇ ಇಲ್ಲ ಎನ್ನೋಣ.

ಥರ್ಜಾ ನನ್ನಿಂದ ಅಮ್ಮನ ಮೇಲೆ ಆಣೆ ಹಾಕಿಸಿಕೊಂಡಳು. "ಅಪ್ಪಂಗೆ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ, ಬಿಡಿಸಿದ್ರೆ ಯಜಮಾನ್ರು ಯಾಕೆ ಅಂತ ಕೇಳ್ತಾರೆ, ಆಮೇಲೆ ಅಪ್ಪನ ಕೆಲಸಾನೂ ಹೋಗುತ್ತೆ" ಎಂದಳು. ನಾನು ಅಂದುಕೊಂಡೆ, ಹೊತ್ತಿಗೆ ಅಚ್ಚಾದರೆ ಕಾನೂನೇ ಬರುತ್ತದೆ, ಅವಳೊಬ್ಬಳಲ್ಲ, ಎಲ್ಲ ಹೆಂಗಸರೂ ಉಳಿಯುತ್ತಾರೆ. ಆ ದಿನ ತೊಟ್ಟಿಯ ಬಳಿ ಇದ್ದ ಇನ್ನೊಬ್ಬ ಹೆಂಗಸು ಹೆಸರು ಕೊಟ್ಟು ಹೇಳಿದ್ದಳು. ಎರಡಾಯಿತು. ಮೂರನೆಯ ಸಾಕ್ಷಿಗೆ ಕಾಯುತ್ತಿದ್ದೆ. ಅದೇ ನಿಯಮ. ಕಾಯುತ್ತ ನಾಲ್ಕು ತಿಂಗಳಾಯಿತು.

ನನ್ನನ್ನು ಬೈದು ಬರೆಯಿರಿ. ಸುಮ್ಮನಿರಬೇಡಿ.

ಸೆಲೀನಾ


ಲೀಕ್, ನಿನ್ನ ಚಿಕ್ಕಮ್ಮನ ಮನೆ
ಏಪ್ರಿಲ್ ೧೯

ಮಗಳೇ,

ವಿಳಾಸ ನೋಡಿಯೇ ನಿನಗೆ ಅರ್ಥವಾಗಿರುತ್ತದೆ. ಕೆಲಸವನ್ನು ನಾನೇ ಬಿಟ್ಟೆ, ಅದರೊಡನೆ ಮನೆಯೂ ಹೋಯಿತು. ಹಾಸಿಗೆ, ಮೇಜು, ನಿನ್ನ ತಾಯಿಯ ಬೈಬಲ್, ಮೂರು ಜನರ ಪಾತ್ರೆ ಒಂದು ಕೈಗಾಡಿಯಲ್ಲಿ ಹಿಡಿಯಿತು. ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಟ್ಟೆ. ನಡೆದ ಹಾಗೆಯೇ ಬರೆಯುತ್ತೇನೆ.

ಈಸ್ಟರಿನ ರಜೆ ಮುಗಿದ ದಿನ, ಹದಿಮೂರರಂದು, ಥರ್ಜಾಳನ್ನು ಕೆಲಸಕ್ಕೆ ಕಳಿಸಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ. "ಅಪ್ಪಾ ಹುಚ್ಚಾ ನಿಮ್ಗೆ, ಬಿಡಿ, ಹಾಜರಿ ಗಂಟೆ ಆಗುತ್ತೆ" ಎಂದು ನನ್ನ ಎದೆಗೆ ಗುದ್ದಿದಳು. ಚೀಟಿಯನ್ನು ಅವಳ ಬಲಗಣ್ಣಿನ ಮುಂದೆ ಹಿಡಿದೆ. ಅವಳು ಅಲ್ಲೇ ಕುಸಿದು ಕೂತಳು. ಸ್ಟೋಕ್ ಆಸ್ಪತ್ರೆಯ ಡಾಕ್ಟರು ನೋಡಿದರು. ಎಡಗಣ್ಣು ಬರುವುದು ಕಷ್ಟ. ಬಲಗಣ್ಣು ಉಳಿಯಬಹುದು. ಇನ್ನೊಂದು ಸಲ ಸೆಳವು ಬಂದರೆ ಕಣ್ಣಿನ ಮಾತಲ್ಲ, ಜೀವದ ಮಾತು ಎಂದರು. ಹಾಲು ಕುಡಿಸಿ, ಸೀಸದ ಹತ್ತಿರ ಸುಳಿಯಬಾರದು ಎಂದರು. ಅವಳು ನಿದ್ದೆಯಲ್ಲಿ ಮಗ್ಗುಲಾದರೂ ನಾನು ಎದ್ದು ಕೂರುತ್ತೇನೆ.

ಮರುದಿನ ಪುಸ್ತಕ ವಾಪಸು ಮಾಡಲು ಹೋದೆ. ರಟ್ಟಿನ ಒಳಗೆ ಎ. ಹ್ಯಾ. ಅವರ ಕೆಳಗೆ ಜೇ. ಬ್ಲೋ. ಎಂದು ಬರೆದು, ತಾರೀಖು ಹಾಕಿ, ಅವರ ಮೇಜಿನ ಮೇಲೆ ಇಟ್ಟೆ.

"ಹೇಗಿತ್ತು ಬ್ಲೋರ್? ಮಹಾ ಪುಸ್ತಕ ಅಲ್ವಾ?"

"ಇನ್ನೂರ ಹನ್ನೆರಡನೇ ಪುಟ ಚೆನ್ನಾಗಿತ್ತು."

ಅವರ ಮುಖ ಸುಡದ ಮಣ್ಣಿನ ಬಣ್ಣಕ್ಕೆ ತಿರುಗಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಹೆದರಿದ್ದರು ಸೆಲೀನಾ. ನಾವಿಬ್ಬರು ಯಾರಿಗೆ ಹೆದರಿ ಸಾಯುತ್ತಿದ್ದೆವೋ ಆ ಮನುಷ್ಯ ನನಗೆ ಹೆದರಿ ನಿಂತಿದ್ದ.

"ನಾನು ಅಪ್ಪಂಗೆ ಹೇಳ್ಲಿಲ್ಲ, ನಂಬಿ. ಹೇಳಿದ್ರೆ ನಿಮ್ಮ ಹುಡುಗಿ ಕೆಲಸ ಅವತ್ತೇ ಹೋಗ್ತಿತ್ತು. ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಹಾಗೇ ಇಟ್ಟೆ."

"ಹಾಗೇ ಇಟ್ಟಿಲ್ಲ ಯಜಮಾನ್ರೇ. ಅದು ನಲವತ್ತನೇ ಪುಟದಲ್ಲಿತ್ತು."

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕುರ್ಚಿಯಲ್ಲಿ ಕೂತರು.

"ಸಂಘದ್ದೇ ಚೀಟಿ ತಾನೇ," ಎಂದರು. "ಲಂಡನ್ನಿನೋರು ನೋಡ್ಕೋತಾರೆ ಅಂದ್ಕೊಂಡೆ. ಓದ್ತಾ ಓದ್ತಾ... ಎಲ್ಲಿವರೆಗೆ ಓದಿದ್ದೆ ಅಂತ ಗುರುತಿಗೆ..."

ನನಗೆ ಬೈಯಬೇಕೆನಿಸಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಯಾಕೆಂದು ನಿನಗೆ ಹೇಳುತ್ತೇನೆ. ನೀನು ಬೈಯಿರಿ ಎಂದು ಕೇಳಿದ್ದೀಯ, ಬೈಗುಳವೆಂದೇ ತಿಳಿ. ಅವರು ಅವಳನ್ನು ಪುಟದ ಗುರುತಿಗೆ ಇಟ್ಟರು. ನೀನೂ ಪುಟದ ಗುರುತಿಗೇ ಇಟ್ಟಿದ್ದೆ. ನೀನು ಒಳ್ಳೆಯದನ್ನೇ ಮಾಡಲು ಹೊರಟಿದ್ದೆ, ನನಗೆ ಗೊತ್ತು. ಆ ಹುಡುಗನೂ ಕೆಟ್ಟವನಲ್ಲ.

ನಾನು? ನೀನು ಮೂರನೆಯ ಸಾಕ್ಷಿಗೆ ನಾಲ್ಕು ತಿಂಗಳು ಕಾದೆಯಂತೆ. ಅವನು ನಿನ್ನ ಮನೆಯಲ್ಲೇ ಇದ್ದ. ಡಿಸೆಂಬರ್ ಒಂಬತ್ತರಂದು ನಾನು ಎರಡನೆಯ ಆವಿಗೆಯ ಬಾಯಲ್ಲಿದ್ದೆ. ಅಂಗಳ ದಾಟಿ ಇಬ್ಬರು ಒಂದು ಹುಡುಗಿಯನ್ನು ಹೊತ್ತುಕೊಂಡು ಹುಲ್ಲಿನ ಕೊಟ್ಟಿಗೆಗೆ ಹೋದರು. ಮುಖದ ಮೇಲೆ ಗೋಣಿ ಹೊದಿಸಿದ್ದರು. ಕಾಲು ಅದುರುತ್ತಿತ್ತು. ಇಂಥದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದವನಿಗೇ ತೊಂದರೆ ಎಂದು ಕಲಿತಿದ್ದೇನೆ. ಯಾರ ಮಗಳೋ ಪಾಪ ಎಂದುಕೊಂಡು ಬೆಂಕಿಯ ಕಡೆಗೆ ತಿರುಗಿದೆ. ಸಂಜೆ ಥರ್ಜಾ ಹೊಟ್ಟೆನೋವು ಎಂದು ಬೇಗ ಮಲಗಿದಳು. ನಾನು ಊಟ ಮಾಡಿದೆ.

ಚೀಟಿಯನ್ನು ಸುಡುವುದಿಲ್ಲ. ಅದನ್ನು ಈ ಲಕೋಟೆಯಲ್ಲೇ ಕಳಿಸುತ್ತಿದ್ದೇನೆ, ನನ್ನದನ್ನೂ ಜೊತೆಗೆ. ನಿಮ್ಮ ನಿಯಮದ ಪ್ರಕಾರವೇ ಬರೆದಿದ್ದೇನೆ, ಒಂದು ಚೀಟಿಗೆ ಒಂದು ಸಂಗತಿ:

"ಜೇಬೆಜ್ ಬ್ಲೋರ್, ಆವಿಗೆಯ ಬೆಂಕಿ ಕೆಲಸದವ, ಹ್ಯಾಡರ್ಲಿ ಕಾರ್ಖಾನೆ, ಲಾಂಗ್ಟನ್. ಡಿಸೆಂಬರ್ ೯, ೧೮೯೭. ಮುಖಕ್ಕೆ ಗೋಣಿ ಹಾಕಿ ಹುಲ್ಲಿನ ಕೊಟ್ಟಿಗೆಗೆ ಹೊತ್ತೊಯ್ದ ಹುಡುಗಿಯನ್ನು ಕಣ್ಣಾರೆ ಕಂಡೆ. ಅವಳು ನನ್ನ ಮಗಳು."

ಅಚ್ಚಿನಲ್ಲಿ ಹೆಸರು ಬರುವುದಿಲ್ಲ ಎಂದು ಬರೆದಿದ್ದೆಯಲ್ಲ. ನನ್ನ ಹೆಸರು ಬರಲಿ. ಈಫ್ರಾಯಿಮನ ಹಾಗೆ ಕೆಲವರಲ್ಲಿ ಒಬ್ಬನಾಗಲು ನನಗೆ ಇಷ್ಟವಿಲ್ಲ. ಥರ್ಜಾಳದ್ದನ್ನು ಅವಳನ್ನೇ ಕೇಳಿ ಹಾಕು. ಅವಳು ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ, ಬಲಗಡೆ. "ಅಕ್ಕಂಗೆ ಹೇಳಿ, ಆಣೆ ಮುರಿದಿದ್ದು ಅವಳಲ್ಲ, ಪುಸ್ತಕ ಅಂತ" ಎನ್ನುತ್ತಿದ್ದಾಳೆ. ಈಗ ಅಳುತ್ತಿದ್ದಾಳೆ.

ನನಗೆ ಭಯ ಹೋಗಿಲ್ಲ. ಐವತ್ತೆಂಟರ ಮುದುಕನಿಗೆ ಯಾರು ಕೆಲಸ ಕೊಡುತ್ತಾರೋ ಗೊತ್ತಿಲ್ಲ. ಲೀಕ್‌ನಲ್ಲಿ ರೇಷ್ಮೆಯ ಗಿರಣಿಗಳಿವೆ, ಆವಿಗೆಗಳಿಲ್ಲ. ಥರ್ಜಾಳ ಬಲಗಣ್ಣಿಗೆ ದಿನಾ ಬೆಳಿಗ್ಗೆ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತೇನೆ. ಅವಳು ಉತ್ತರ ಹೇಳುವತನಕ ಬೆರಳು ಇಳಿಸುವುದಿಲ್ಲ. ಇವತ್ತು ಮೂರು ಎಂದಳು. ಮೂರೇ ಇತ್ತು.

ಎರಡು ಚೀಟಿಗಳನ್ನೂ ಇವತ್ತೇ ಮಿಸ್ ಟ್ರೆಡ್‌ಗೋಲ್ಡ್ ಅವರ ಕೈಯಲ್ಲಿ ಕೊಡು. ಕಳೆದದ್ದು ಹೇಗೆ, ಸಿಕ್ಕಿದ್ದು ಎಲ್ಲಿ, ಎಲ್ಲ ಹೇಳು. ಕೆಲಸದಿಂದ ತೆಗೆದರೆ ಇಲ್ಲಿಗೆ ಬಾ, ಚಿಕ್ಕಮ್ಮನ ಮನೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿದೆ. ಆದರೆ ಕೊಡುವತನಕ ಅವನ್ನು ನಿನ್ನ ಕೈಯಲ್ಲೇ ಹಿಡಿದುಕೊಂಡಿರು. ಯಾವ ಪುಸ್ತಕದೊಳಗೂ ಇಡಬೇಡ.

ನಿನ್ನ ಅಪ್ಪ
ಜೇಬೆಜ್ ಬ್ಲೋರ್